ಮಗ ಊಟದ ಡಬ್ಬಿಯನ್ನು ತೆರೆಯದೆಯೇ ವಾಪಸ್ ತರುತ್ತಿದ್ದಾನೆ

ವಿಜಯನಗರದ ತಾಯಿ:
ಜೂನ್‌ನಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ಬಂದೆವು. ಮಗ ಆರನೇ ತರಗತಿ. ಎರಡು ವಾರದಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮುಟ್ಟದೆ ಹಾಗೆಯೇ ಮನೆಗೆ ಬರುತ್ತಿವೆ. ನಿನ್ನೆ ರಾತ್ರಿ ಬಾಯಿಬಿಟ್ಟ. ಅವನು ‘ಹೌದ್ರಿ’ ಎಂದರೆ ಸಾಕು, ಮೂವರು ಹುಡುಗರು ಅದನ್ನೇ ರಾಗ ಎಳೆದು ಅಣಕಿಸುತ್ತಾರಂತೆ, ಉಳಿದವರು ನಗುತ್ತಾರಂತೆ. ತರಗತಿ ಶಿಕ್ಷಕಿಗೆ ಹೇಳಿದರೆ ‘ಮಕ್ಕಳಾಟ, ಅವನೇ ಗಟ್ಟಿಯಾಗಲಿ’ ಎಂದರು. ಆ ಹುಡುಗರ ಮನೆಗೆ ನಾನೇ ಫೋನ್ ಮಾಡಲೇ?

ನಿವೃತ್ತ ಶಿಕ್ಷಕಿ, ಬಸವನಗುಡಿ:
ದಯವಿಟ್ಟು ಮಾಡಬೇಡಿ. ದೊಡ್ಡವರ ಜಗಳದ ಬಿಸಿ ಮರುದಿನ ನಿಮ್ಮ ಮಗನಿಗೇ ತಟ್ಟುತ್ತದೆ. ಅವನು ಹೇಳಿದ್ದನ್ನು ದಿನಾಂಕ, ಜಾಗ, ಆಡಿದ ಮಾತಿನ ಸಮೇತ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಿ. ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರನ್ನು ಮರೆಯುವುದು ಸುಲಭ.

ನನ್ನ ತರಗತಿಯಲ್ಲಿ ತೊದಲುವ ಹುಡುಗಿಯೊಬ್ಬಳಿದ್ದಳು. ಅಣಕಿಸಿದವನನ್ನು ಎಲ್ಲರೆದುರು ಬೈದೆ. ತರಗತಿ ತಣ್ಣಗಾಯಿತು, ಅಣಕ ಮಾತ್ರ ಶಾಲೆಯ ಹಿಂದಿನ ನೀರಿನ ನಲ್ಲಿಯ ಹತ್ತಿರಕ್ಕೆ ಹೋಯಿತು. ಅದು ನನಗೆ ತಿಳಿದದ್ದು ತಿಂಗಳ ಮೇಲೆ, ಇಂದಿಗೂ ಆ ನೋವಿದೆ. ಆಮೇಲೆ ನಗುತ್ತಿದ್ದವರನ್ನು ಇಬ್ಬಿಬ್ಬರಾಗಿ ಕರೆದು ಮಾತನಾಡಿದೆ. ಅವರಲ್ಲಿ ಇಬ್ಬರು ತಾವಾಗಿಯೇ ಅವಳ ಪಕ್ಕ ಕುಳಿತು ಊಟ ಮಾಡತೊಡಗಿದರು. ನಗುವವರು ಕಡಿಮೆಯಾದಂತೆ ಅಣಕಿಸುವವನ ಉತ್ಸಾಹವೂ ಇಳಿಯಿತು. ಮಕ್ಕಳ ನಡುವಿನ ಕಿರುಕುಳ ತಡೆಯಲೆಂದೇ ಇರುವ ಫಿನ್ಲೆಂಡಿನ ಶಾಲೆಗಳ ‘ಕೀವಾ’ ಕಾರ್ಯಕ್ರಮವೂ ನೋಡುತ್ತ ನಿಲ್ಲುವ ಮಕ್ಕಳಿಗೇ ಹೆಚ್ಚು ಒತ್ತು ಕೊಡುತ್ತದೆ ಎಂದು ಬಹಳ ವರ್ಷಗಳ ಮೇಲೆ ಓದಿದೆ. ಊಟದ ಹೊತ್ತಿನಲ್ಲಿ ಮಕ್ಕಳ ಬಳಿ ಯಾವ ಶಿಕ್ಷಕರು ಇರುತ್ತಾರೆ ಎಂದು ನಿಮ್ಮ ಮಗನ ಶಾಲೆಯನ್ನು ಕೇಳಿ. ಹನ್ನೊಂದು ವರ್ಷದ ಮಗು ಹಸಿದು ಕುಳಿತಿರುವಾಗ ‘ಗಟ್ಟಿಯಾಗಲಿ’ ಎನ್ನುವುದು ತಪ್ಪು.

ಯಲಹಂಕದ ತಂದೆ:
ಶಾಲೆ ಕಿವಿಗೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಯಿರಿ. ಅದರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಮಕ್ಕಳ ಸಹಾಯವಾಣಿ 1098 ಮಗನಿಗೂ ಬಾಯಿಪಾಠವಾಗಿರಲಿ.

ವಿಜಯನಗರದ ತಾಯಿ:
ಪತ್ರ ಕೊಟ್ಟೆ, ಸಹಿಯೂ ಸಿಕ್ಕಿತು. ಸೋಮವಾರ ಬರಲು ಹೇಳಿದ್ದಾರೆ. ಮಗನನ್ನೂ ಕರೆದೊಯ್ಯಲೇ?

ನಿವೃತ್ತ ಶಿಕ್ಷಕಿ, ಬಸವನಗುಡಿ:
ಬೇಡ. ಆ ಮೂವರ ಎದುರು ನಿಲ್ಲಿಸಿ ಅವನ ಬಾಯಿಂದ ಹೇಳಿಸಲು, ಕೈಕುಲುಕಿಸಿ ಮುಗಿಸಲು ಒಪ್ಪಬೇಡಿ. ಅವನ ಮಾತನ್ನು ಶಿಕ್ಷಕರೊಬ್ಬರು ಬೇರೆಯಾಗಿ ಕೂರಿಸಿಕೊಂಡು ಕೇಳಲಿ. ಎರಡು ವಾರದ ನಂತರದ ಇನ್ನೊಂದು ಭೇಟಿಗೆ ಅಂದೇ ದಿನ ಗೊತ್ತುಮಾಡಿಕೊಂಡು ಬನ್ನಿ.