ನ್ಯಾರೋಗೇಜ್ ಸ್ಟೇಷನ್ ಮಾಡೆಲ್: ಹಂಚು, ಗೋಡೆಗೆ ಹಳೇ ಕಳೆ ಬರಿಸೋದು ಹೇಗೆ?

ಹಳಿಹುಚ್ಚ:
ಯಲಹಂಕ–ಚಿಕ್ಕಬಳ್ಳಾಪುರ–ಕೋಲಾರದ ಹಳೇ ನ್ಯಾರೋಗೇಜ್ ಲೈನಿನ ಒಂದು ತುಣುಕನ್ನು 1:87 ಸ್ಕೇಲಿನಲ್ಲಿ ಕಟ್ಟುತ್ತಿದ್ದೇನೆ. 1960ರ ಆಸುಪಾಸು, ಉಗಿಬಂಡಿ ಕಾಲ. ಆ ಲೈನಿನ ಹಳೇ ನಂದಿ ಹಾಲ್ಟ್ ಸ್ಟೇಷನ್ ನೋಡಿಕೊಂಡು ಒಂದು ಸಣ್ಣ ಸ್ಟೇಷನ್ ಮಾಡಿದ್ದೇನೆ. ಗೋಡೆ 5 ಮಿಮೀ ಸನ್‌ಬೋರ್ಡು (ಹಗುರ ಫೋಮ್ ಹಾಳೆ), ಅರ್ಧ ಕಲ್ಲು, ಅರ್ಧ ಸುಣ್ಣ ಬಳಿದ ಗಾರೆ. ಚಾವಣಿ ಮಂಗಳೂರು ಹಂಚು, ಇನ್ನೂ ಕೂರಿಸಿಲ್ಲ. ಮೂಲ ಬಣ್ಣ ಆಗಿದೆ, ಆದರೆ ನಿನ್ನೆ ಗೃಹಪ್ರವೇಶ ಆದ ಮನೆ ಥರ ಕಾಣುತ್ತಿದೆ. ವಿಡಿಯೊಗಳಲ್ಲಿ ಬರೀ ಕೊಲೊರಾಡೊ ಶೈಲಿ: ಬೂದು ಹಲಗೆ, ತುಕ್ಕು ಹಿಡಿದ ತಗಡು. ನಮ್ಮ ಕಟ್ಟಡಕ್ಕೆ ಎಲ್ಲಿಂದ ಶುರು ಮಾಡಲಿ?

ಮುರುಕುಹಂಚು:
ಆ ವಿಡಿಯೊ ಬದಿಗಿಡಿ. ಅಲ್ಲಿ ಹಿಮ ಬೀಳುತ್ತದೆ, ಬಣ್ಣ ಕಾಣದ ಮರ ಬಿಸಿಲಿಗೆ ಬೂದು ತಿರುಗುತ್ತದೆ. ಅವರ ಮಟ್ಟಿಗೆ ಸರಿ. ನಮ್ಮ ಬಯಲುಸೀಮೆಯಲ್ಲಿ ಎರಡೇ ನೋಡಿ. ಮಳೆನೀರು ಎಲ್ಲಿ ಬೀಳುತ್ತೆ, ಕೆಮ್ಮಣ್ಣು ಎಲ್ಲಿ ಕೂರುತ್ತೆ.

ಮೊದಲು ಸೂರಿನಂಚು. ದೋಣಿ ಇಲ್ಲದ ಹಂಚಿನ ಮನೆಯಲ್ಲಿ ನೀರು ನೇರ ನೆಲಕ್ಕೆ ಬೀಳುತ್ತದೆ. ಬಿದ್ದ ಕಡೆ ಮಣ್ಣು ಕೊಚ್ಚಿಹೋಗಿ ಸಣ್ಣ ಗೆರೆ ಬೀಳುತ್ತದೆ, ಅದರಲ್ಲಿ ಗರಸು ಎದ್ದು ಕಾಣುತ್ತದೆ. ಸಿಡಿದ ಕೆಸರು ಗೋಡೆಗೆ ಮೊಣಕಾಲೆತ್ತರ ಹತ್ತುತ್ತದೆ. ನಿಮ್ಮ ಸ್ಕೇಲಿನಲ್ಲಿ 5–6 ಮಿಮೀ, ಅಷ್ಟೇ. ಇಟ್ಟಿಗೆ ಬಣ್ಣದ ಚಾಕ್ ಪೇಸ್ಟಲ್ ಉಜ್ಜಿ ಪುಡಿ ಮಾಡಿ, ಒಣ ಬ್ರಷ್ಷಿನಲ್ಲಿ ಕೆಳಗಿಂದ ಮೇಲಕ್ಕೆ ಚುಚ್ಚಿ. ಎಳೆಯಬೇಡಿ, ಚುಚ್ಚಿ. ಮೇಲಂಚು ಅಂಕುಡೊಂಕಾಗಿರಲಿ. ಪ್ಲಾಟ್‌ಫಾರ್ಮ್ ಕಡೆ ಕಲ್ಲುಚಪ್ಪಡಿ ಇದ್ದರೆ ಕೆಸರೇ ಏಳಲ್ಲ, ಅಲ್ಲಿ ಬರೀ ತೆಳು ಧೂಳು ಸಾಕು. ಈ ವ್ಯತ್ಯಾಸ ಒಂದನ್ನು ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಹಂಚು ಹೇಗೆ ಕತ್ತರಿಸುತ್ತಿದ್ದೀರಿ? ಒಂದು ಚದರ ಮೀಟರಿಗೆ ಸುಮಾರು 15 ಮಂಗಳೂರು ಹಂಚು ಬೇಕು. ಆ ಲೆಕ್ಕಕ್ಕೆ 1:87ರಲ್ಲಿ ಒಂದು ಹಂಚು ಹೊರಗೆ ಕಾಣೋದು ಅಗಲ 2.4, ಉದ್ದ 3.7 ಮಿಮೀ. ದಪ್ಪ ಡ್ರಾಯಿಂಗ್ ಶೀಟಿನ ಹಿಂಬದಿಗೆ ಇಂಕು ಖಾಲಿಯಾದ ಬಾಲ್‌ಪೆನ್ನಿನಲ್ಲಿ ಗೆರೆ ಒತ್ತಿ, 5 ಮಿಮೀ ಪಟ್ಟಿ ಕತ್ತರಿಸಿ, ಸೂರಿನಿಂದ ನೆತ್ತಿಯವರೆಗೆ ಒಂದರ ಮೇಲೊಂದು ಅಂಟಿಸುತ್ತ ಹೋಗಿ. ಬಣ್ಣ ಒಂದೇ ಕೆಂಪು ಬೇಡ. ನೆರಳಿನ ಕಡೆ, ಮರದ ಕೆಳಗೆ ಕಪ್ಪು ಜಾಸ್ತಿ. ಅಲ್ಲಲ್ಲಿ ಒಂದೊಂದು ಹೊಸ ಕಿತ್ತಳೆ ಹಂಚು ಇರಲಿ. ಕೋತಿ ಕುಣಿದ ಮೇಲೆ ಹಂಚು ಬದಲಾಯಿಸದ ಊರು ಯಾವುದಿದೆ! ಪಾಚಿಹಸಿರು ಮಾತ್ರ ಬಳಿಯಬೇಡಿ, ಅದು ಮಲೆನಾಡಿನ ಕೆಲಸ. ಚಿಕ್ಕಬಳ್ಳಾಪುರದ ಹಂಚು ಒಣಗಿ ಕರಿಯಾಗುತ್ತದೆ.

ಗೇಜು762:
ಹಳಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದು ಎರಡೂವರೆ ಅಡಿ ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ 762 ಮಿಮೀ. 87ರಿಂದ ಭಾಗಿಸಿದರೆ 8.76. ಹಾಗಾಗಿ ಎನ್ ಸ್ಕೇಲಿನ (ಇನ್ನೂ ಚಿಕ್ಕ ಮಾಡೆಲ್ ರೈಲಿನ ಅಳತೆ) 9 ಮಿಮೀ ಹಳಿ ಹೆಚ್ಚೂಕಮ್ಮಿ ಕೂರುತ್ತದೆ. ಆದರೆ ಅದರ ಸ್ಲೀಪರ್ (ಹಳಿ ಕೆಳಗಿನ ಅಡ್ಡಪಟ್ಟಿ) ತೀರಾ ಗಿಡ್ಡ, ತೀರಾ ಒತ್ತೊತ್ತು. ಸ್ಟೇಷನ್ ಎದುರಿನ ಒಂದು ತುಂಡಿಗಾದರೂ ಬದಲಿಸಿ.

ಇನ್ನೊಂದು, ಮಸಿ. ಉಗಿಬಂಡಿ ಅಂದ ತಕ್ಷಣ ಎಲ್ಲರೂ ಸ್ಟೇಷನ್ನಿಗೆ ಮಸಿ ಮೆತ್ತುತ್ತಾರೆ. ಇಂಜಿನ್ ಹೊತ್ತುಗಟ್ಟಲೆ ನಿಲ್ಲೋದು ಶೆಡ್ಡಿನಲ್ಲಿ, ನೀರಿನ ಟ್ಯಾಂಕ್ ಹತ್ತಿರ. ಮಸಿ ಅಲ್ಲಿಗೆ ಹಾಕಿ.

ಮುರುಕುಹಂಚು:
ಒಪ್ಪಿದೆ. ಟ್ಯಾಂಕ್ ಮಾಡುವುದಾದರೆ ತುಕ್ಕಿಗಿಂತ ಬಿಳಿ ಗೆರೆ ಜಾಸ್ತಿ ಇರಲಿ. ಕೋಲಾರದ ಕಡೆ ಬಾವಿ ನೀರು ಗಡಸು. ಸೋರಿದ ಕಡೆಯೆಲ್ಲ ಸುಣ್ಣ ಕಟ್ಟುತ್ತದೆ.

ಹಳಿಹುಚ್ಚ:
ಸ್ಲೀಪರ್ ವಿಷಯ ತಲೆಯಲ್ಲೇ ಇರಲಿಲ್ಲ, ಥ್ಯಾಂಕ್ಸ್. ಸುಣ್ಣದ ಗೋಡೆಗೆ ಏನು ಮಾಡಲಿ? ಬಿಳಿ ಅಕ್ರಿಲಿಕ್ ಪ್ಲಾಸ್ಟಿಕ್ ಥರ ಮಿಂಚುತ್ತದೆ. ಮತ್ತೆ ಕಲ್ಲಿನ ಭಾಗ ತೀರಾ ನುಣುಪು.

ಮುರುಕುಹಂಚು:
ಕಲ್ಲಿಗೆ: ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ ಸನ್‌ಬೋರ್ಡಿಗೆ ಗಟ್ಟಿಯಾಗಿ ಒತ್ತಿ, ಉಂಡೆ ತಿರುಗಿಸಿ ಮತ್ತೆ ಒತ್ತಿ. ಸಂದುಗಳನ್ನು ಬಾಲ್‌ಪೆನ್ನಿನಲ್ಲಿ ಆಳ ಮಾಡಿ. ಬಣ್ಣ ಆಗಿದ್ದರೂ ಪರವಾಗಿಲ್ಲ, ಮೇಲೆ ಇನ್ನೊಂದು ಕೈ ಬಳಿಯಿರಿ.

ಸುಣ್ಣಕ್ಕೆ: ಶುದ್ಧ ಬಿಳಿ ಬೇಡ, ಚೂರು ಹಳದಿ ಮಣ್ಣಿನ ಬಣ್ಣ ಬೆರೆಸಿ. ಒಣಗಿದ ಮೇಲೆ ಲ್ಯಾಕರ್ ಜಾತಿಯ ಮ್ಯಾಟ್ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಒಂದೆರಡು ಹನಿ ಡ್ರಾಯಿಂಗ್ ಇಂಕು ಹಾಕಿ ತೆಳ್ಳಗೆ ಸವರಿ. ಆಲ್ಕೋಹಾಲ್ ತಗುಲಿದರೆ ಆ ಲ್ಯಾಕರ್ ಬೆಳ್ಳಗೆ ಪುಡಿಪುಡಿ ಆಗುತ್ತದೆ. ಬೇರೆಯವರು ಇದನ್ನು ತೊಂದರೆ ಅಂತಾರೆ, ನಮಗೆ ಬೇಕಾದದ್ದೇ ಅದು: ಮುಟ್ಟಿದರೆ ಕೈಗೆ ಅಂಟುವ ಸುಣ್ಣ. ನೀರು ಬೆರೆಸುವ ಅಕ್ರಿಲಿಕ್ ವಾರ್ನಿಷ್ ಬಳಸಬೇಡಿ, ಅದು ಹೀಗೆ ಬೆಳ್ಳಗಾಗುವ ಬದಲು ಮೆತ್ತಗಾಗಿ ಕಿತ್ತು ಬರಬಹುದು. ಮೊದಲು ಬೇಡದ ಸನ್‌ಬೋರ್ಡ್ ಚೂರಿನ ಮೇಲೆ ಸುಮ್ನೆ ಮಾಡಿ ನೋಡಿ.

ಇವತ್ತಿನ ನಂದಿ ಹಾಲ್ಟ್ ಫೋಟೊ ನೋಡಿ ಬಣ್ಣ ಹೊಂದಿಸಬೇಡಿ. ಹಳೇ ಕಟ್ಟಡಗಳನ್ನು ಉಳಿಸುವ ಸಂಸ್ಥೆ ಇಂಟಾಕ್ ದುರಸ್ತಿ ಮಾಡಿಸಿದ ಮೇಲೆ ಅದು ಅಚ್ಚುಕಟ್ಟಾಗಿದೆ. ಅದಕ್ಕಿಂತ ಹಿಂದಿನ, ಪಾಳುಬಿದ್ದಾಗಿನ ಫೋಟೊ ಹುಡುಕಿ. ಆದರೆ ಅಷ್ಟು ಹಾಳು ಮಾಡಲೂ ಹೋಗಬೇಡಿ. 1960ರಲ್ಲಿ ಆ ಲೈನಿನಲ್ಲಿ ರೈಲು ಓಡುತ್ತಿತ್ತು, ವರ್ಷಕ್ಕೊಮ್ಮೆಯಾದರೂ ಸುಣ್ಣ ಬಳಿಸುತ್ತಿದ್ದಿರಬೇಕು, ಅಲ್ವಾ?