ಚಿಕ್ಕಪ್ಪ, ಮುಂದಿನ ಗುರುವಾರದ ಡೇಟ್ ಕ್ಯಾನ್ಸಲ್ ಮಾಡಬೇಡಿ

ಚಿಕ್ಕಪ್ಪ, ಡ್ಯೂಟಿ ಮುಗಿಸಿ ಈಗಷ್ಟೇ ಗ್ರೂಪ್ ನೋಡಿದೆ. ಮಲದಲ್ಲಿ ರಕ್ತ ಕಂಡಿದ್ದಕ್ಕೆ ಮುಂದಿನ ಗುರುವಾರ ಕೊಲೊನೋಸ್ಕೋಪಿ, ಅಂದರೆ ಸ್ಕೋಪ್ ಅನ್ನೋ ಕ್ಯಾಮೆರಾ ಕೊಳವೆ ಬಿಟ್ಟು ದೊಡ್ಡ ಕರುಳಿನ ಒಳಗೆ ನೋಡುವ ಟೆಸ್ಟ್, ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ, ನೀವು "ಬರೀ ಮೂಲವ್ಯಾಧಿಗೆ ಇಷ್ಟೆಲ್ಲ ಯಾಕೆ, ಬೇಡ ಅಂದುಬಿಡಲಾ" ಅಂತ ಕೇಳಿದ್ದೀರಿ. ಅದರ ಕೆಳಗೆ ಅತ್ತೆ ಇದು ಉಷ್ಣ, ಸುವರ್ಣಗೆಡ್ಡೆ ಪಲ್ಯ ತಿನ್ನಿ, ಮಜ್ಜಿಗೆ ಕುಡಿಯಿರಿ ಅಂತ ಪಟ್ಟಿಯೇ ಹಾಕಿದ್ದಾರೆ. ನಾನು ದಿನಾ ನಿಂತಿರೋದು ಅದೇ ಎಂಡೋಸ್ಕೋಪಿ ರೂಮಿನಲ್ಲಿ, ಸುಮ್ನೆ ಇರಲು ಆಗಲಿಲ್ಲ. ಉದ್ದ ಆಗುತ್ತದೆ, ಚಿಕ್ಕಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅರ್ಧ ಮಾತು ಅಡುಗೆಮನೆಯದ್ದೇ.

ಮೊದಲು ಆ ಮೂಲವ್ಯಾಧಿ ವಿಷಯ. ಇರಬಹುದು, ಇಲ್ಲ ಅನ್ನುತ್ತಿಲ್ಲ. ಆದರೆ ಮೂಲವ್ಯಾಧಿ ಇದ್ದವರಿಗೆ ಒಳಗೆ ಬೇರೇನೂ ಇರಬಾರದು ಅಂತ ರೂಲ್ಸ್ ಇಲ್ಲವಲ್ಲ, ಎರಡೂ ಒಟ್ಟಿಗೆ ಇರಬಹುದು. ರಕ್ತ ಕಂಡರೆ ಮೂಲವ್ಯಾಧಿ ಅಂತ ನಾವೇ ಹೆಸರಿಟ್ಟುಕೊಂಡು ವರ್ಷಗಟ್ಟಲೆ ಮನೆಮದ್ದಿನಲ್ಲೇ ಕಳೆದು, ಕೊನೆಗೆ ಹೊಟ್ಟೆ ಉಬ್ಬರಿಸಿ ಮೋಷನ್ನೇ ಹೋಗದೆ ಆಸ್ಪತ್ರೆಗೆ ಬರುವವರನ್ನು ನೋಡಿ ನೋಡಿ ನನಗೆ ಆ ಮಾತು ಕೇಳಿದರೇ ಸಿಟ್ಟು ಬರುತ್ತದೆ. ಅತ್ತೆ, ಬೇಜಾರು ಮಾಡಿಕೊಳ್ಳಬೇಡಿ. ಪಲ್ಯ ತಿನ್ನಲಿ, ಆದರೆ ಟೆಸ್ಟ್ ಆದಮೇಲೆ.

ನೀವು ಹಾಕಿದ ರಿಪೋರ್ಟ್ ನೋಡಿದೆ ಚಿಕ್ಕಪ್ಪ. ಹಿಮೋಗ್ಲೋಬಿನ್ 9.8, ಕಬ್ಬಿಣದ ಅಂಶವೂ ಕಡಿಮೆ. 58 ವರ್ಷದ ಗಂಡಸಿಗೆ, ಹೊತ್ತಿಗೆ ಸರಿಯಾಗಿ ಊಟ ಮಾಡುವವರಿಗೆ, ರಕ್ತ ಎಲ್ಲಿ ಹೋಗುತ್ತಿದೆ ಅಂತ ಡಾಕ್ಟರು ಹುಡುಕಲೇಬೇಕು. ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಇದ್ದರೆ ಸ್ವಲ್ಪ ಸ್ವಲ್ಪವೇ ಒಸರುತ್ತಾ ಮಲದಲ್ಲಿ ಬೆರೆತು ಹೋಗುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಸುಸ್ತು ಮಾತ್ರ ಗೊತ್ತಾಗುತ್ತದೆ. ಫುಟ್ಬಾಲ್ ಆಟಗಾರ ಪೆಲೆಗೆ ಗಡ್ಡೆ ಆಗಿದ್ದು ಆ ಬಲಭಾಗದಲ್ಲೇ. 2021ರಲ್ಲಿ ಮಾಮೂಲಿ ತಪಾಸಣೆ ಮಾಡಿಸುವಾಗ ಸಿಕ್ಕಿತು, ಮುಂದಿನ ವರ್ಷ ಡಿಸೆಂಬರ್‌ನಲ್ಲಿ, ವಿಶ್ವಕಪ್ ಫೈನಲ್ ಮುಗಿದ ಕೆಲವೇ ದಿನಕ್ಕೆ ತೀರಿಕೊಂಡರು. ಹೆದರಿಸಲು ಹೇಳುತ್ತಿಲ್ಲ. ನಿಮಗೆ ಏನೂ ಇಲ್ಲ ಅಂತಲೇ ಬರಬಹುದು, ಹಾಗೆ ಬರುವವರೇ ಜಾಸ್ತಿ. ಆದರೆ ನೋಡದೆ ಹಾಗಂತ ಹೇಳುವ ಧೈರ್ಯ ನನಗಿಲ್ಲ.

"ಮಲ ಪರೀಕ್ಷೆ ಮಾಡಿಸಿದರೆ ಸಾಕಾಗಲ್ವಾ" ಅಂತ ಭಾವ ಕೇಳಿದ್ದಾರೆ. ಒಳ್ಳೆ ಪ್ರಶ್ನೆ. ಕಣ್ಣಿಗೆ ಕಾಣದ ರಕ್ತ ಹುಡುಕುವ ಎಫ್‌ಐಟಿ ಅನ್ನೋ ಪರೀಕ್ಷೆ ಇದೆ, ವರ್ಷಕ್ಕೊಮ್ಮೆ ಮಾಡಿಸಬಹುದು. ಅದು ಯಾವ ತೊಂದರೆಯೂ ಇಲ್ಲದವರಿಗೆ. ಚಿಕ್ಕಪ್ಪನಿಗೆ ರಕ್ತ ಕಂಡಾಗಿದೆ, ಹಿಮೋಗ್ಲೋಬಿನ್ ಇಳಿದಾಗಿದೆ, ಇನ್ನು ನೇರವಾಗಿ ಒಳಗೇ ನೋಡಬೇಕು. ಸ್ಕ್ಯಾನಿಂಗ್‌ನಲ್ಲಿ ದೊಡ್ಡ ಗಡ್ಡೆ ಕಾಣಬಹುದು, ಸಣ್ಣ ಪಾಲಿಪ್ ತಪ್ಪಿಹೋಗುತ್ತದೆ.

ಪಾಲಿಪ್ ಅಂದರೆ ಕರುಳಿನ ಒಳಗೋಡೆಯ ಮೇಲೆ ಬೆಳೆಯುವ ಸಣ್ಣ ಗಂಟು. ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ, ಆದರೆ ಈ ಕ್ಯಾನ್ಸರ್ ಬಹುಪಾಲು ಶುರುವಾಗುವುದು ಅಲ್ಲಿಂದಲೇ, ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ತೆಗೆದುಕೊಂಡು. ಅಷ್ಟು ವರ್ಷ ನಮಗೆ ಟೈಮ್ ಕೊಡುತ್ತದೆ ನೋಡಿ! ಸ್ಕೋಪ್ ಒಳಗಿಂದ ತಂತಿಯ ಸಣ್ಣ ಕುಣಿಕೆ ಬಿಡುತ್ತಾರೆ, ಗಂಟಿನ ಬುಡಕ್ಕೆ ಹಾಕಿ ಬಿಗಿಯುತ್ತಾರೆ, ಬೇಕಾದರೆ ಸ್ವಲ್ಪ ಕರೆಂಟ್ ಕೊಡುತ್ತಾರೆ, ತುಂಡಾಗಿ ಬೀಳುತ್ತದೆ. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಅದನ್ನು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಆಗುವ ಮೊದಲೇ ಅದನ್ನು ಕಿತ್ತು ಬಿಸಾಕುವ ಟೆಸ್ಟ್ ಇದು.

ಈಗ ತಯಾರಿ. ಟೆಸ್ಟ್ ಚೆನ್ನಾಗಿ ಆಗುವುದು ಬಿಡುವುದು ಇದರ ಮೇಲೇ ಇದೆ. ಕರುಳು ಕ್ಲೀನ್ ಇಲ್ಲದೆ ಒಳಗೆ ನೋಡುವುದು ಅಂದರೆ ಕೆಸರು ಬಾವಿಯಲ್ಲಿ ಬಿಂದಿಗೆ ಹುಡುಕಿದ ಹಾಗೆ. ಡಾಕ್ಟರು ಅರ್ಧಕ್ಕೇ ನಿಲ್ಲಿಸಿ ಇನ್ನೊಂದು ದಿನ ಬನ್ನಿ ಅಂತ ಕಳಿಸುತ್ತಾರೆ, ಮತ್ತೆ ಅದೇ ಭೇದಿ ಮಾಡಿಸುವ ಪುಡಿ, ಅದೇ ಉಪವಾಸ.

ಚಿಕ್ಕಮ್ಮ, ಸೋಮವಾರದಿಂದ ಮುದ್ದೆ ಬಂದ್. ಗೊತ್ತು, ಮಂಡ್ಯದವರಿಗೆ ಇದು ಹೇಳುವ ಮಾತಲ್ಲ. ಆದರೆ ರಾಗಿ, ಸೊಪ್ಪು, ಕಾಳು, ಹುರುಳಿ, ಸೀಬೆಹಣ್ಣು, ಸೌತೆಕಾಯಿ, ಟೊಮೇಟೊ, ಬದನೆಕಾಯಿ ಯಾವುದೂ ಬೇಡ. ನಾರು, ಸಿಪ್ಪೆ, ಬೀಜ ಇರುವುದೆಲ್ಲ ಒಳಗೆ ಉಳಿಯುತ್ತದೆ. ಒಗ್ಗರಣೆಗೆ ಸಾಸಿವೆ ಜೀರಿಗೆ ಕೂಡ ಬೇಡ, ನಿಜವಾಗಲೂ ಹೇಳುತ್ತಿದ್ದೇನೆ. ಸ್ಕೋಪ್‌ನಲ್ಲಿ ನೀರು ಹೀರುವ ತೂತು ಮೂರ್ನಾಲ್ಕು ಮಿಲಿಮೀಟರ್ ಅಷ್ಟೇ. ಬೀಜ ಸಿಕ್ಕಿಕೊಂಡರೆ ಹೀರುವುದು ನಿಂತುಹೋಗುತ್ತದೆ, ಡಾಕ್ಟರು ನನ್ನ ಮುಖ ನೋಡುತ್ತಾರೆ, ನಾನು ಸಿರಿಂಜ್‌ನಲ್ಲಿ ನೀರು ತಳ್ಳಿ ತಳ್ಳಿ ಬಿಡಿಸಬೇಕು. ಟೊಮೇಟೊ ಸಿಪ್ಪೆ ಇನ್ನೂ ಮೋಸ, ಗೋಡೆಗೆ ಅಂಟಿಕೊಂಡು ಅದರಡಿ ಏನಿದೆ ಅಂತ ಕಾಣಿಸುವುದಿಲ್ಲ. ಹಾಗಾದರೆ ತಿನ್ನೋದೇನು? ಬಿಳಿ ಅನ್ನ, ಇಡ್ಲಿ, ಮೊಸರು, ಸೋಸಿದ ತಿಳಿ ಸಾರು, ಮೊಟ್ಟೆ, ಬೇಯಿಸಿದ ಕೋಳಿ ಸ್ವಲ್ಪ. ಮಂಗಳವಾರ ರಾತ್ರಿವರೆಗೆ ಇದು ನಡೆಯುತ್ತದೆ.

ಬುಧವಾರ ಬರೀ ತಿಳಿಯಾದದ್ದು. ಎಳನೀರು, ಗಂಜಿಯ ತಿಳಿ, ಸೋಸಿದ ನಿಂಬೆ ಶರಬತ್ತು, ಹಾಲು ಹಾಕದ ಟೀ. ಹಾಲು ಬೇಡ, ಮಜ್ಜಿಗೆಯೂ ಬೇಡ. ಕೆಂಪು ಬಣ್ಣದ್ದು ಯಾವುದೂ ಬೇಡ, ದಾಳಿಂಬೆ ರಸ, ಬೀಟ್ರೂಟ್, ರೋಸ್ ಶರಬತ್ತು ಎಲ್ಲ ಒಳಗೆ ರಕ್ತದ ಹಾಗೇ ಕಾಣುತ್ತವೆ. ನಿಮ್ಮ ಚೀಟಿಯಲ್ಲಿ ಬೇರೆ ಏನಾದರೂ ಬರೆದಿದ್ದರೆ ಅದೇ ಫೈನಲ್, ನಾನು ಹೇಳಿದ್ದಲ್ಲ.

ಪುಡಿ ವಿಷಯ. ಪೆಗ್ ಅನ್ನೋ ಭೇದಿ ಪುಡಿಯ ಪ್ಯಾಕೆಟ್ ಕೊಟ್ಟಿರುತ್ತಾರೆ, 2 ಲೀಟರ್ ನೀರಿಗೆ ಒಂದು. ಉಪ್ಪುಪ್ಪು, ಜೊತೆಗೆ ಒಂಥರಾ ಸಿಹಿ, ಚೆನ್ನಾಗಿರಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಮಧ್ಯಾಹ್ನವೇ ಕಲಸಿ ಫ್ರಿಜ್‌ನಲ್ಲಿಡಿ, ತಣ್ಣಗಿದ್ದರೆ ಇಳಿಯುತ್ತದೆ. ಸ್ಟ್ರಾ ಹಾಕಿ ನಾಲಿಗೆಯ ಹಿಂಭಾಗಕ್ಕೆ ಎಳೆದುಕೊಳ್ಳಿ. ಹತ್ತು ಹದಿನೈದು ನಿಮಿಷಕ್ಕೊಂದು ಲೋಟ. ವಾಂತಿ ಬರುವ ಹಾಗಾದರೆ ಅರ್ಧ ಗಂಟೆ ನಿಲ್ಲಿಸಿ ಮತ್ತೆ ನಿಧಾನಕ್ಕೆ ಶುರು ಮಾಡಿ, ಚೆಲ್ಲಿಬಿಡಬೇಡಿ.

ಅರ್ಧ ಬುಧವಾರ ಸಂಜೆ, ಅರ್ಧ ಗುರುವಾರ ಬೆಳಗಿನ ಜಾವ. ಈ ಬೆಳಗಿನ ಜಾವದ್ದನ್ನು ನಿದ್ದೆ ಬಿಟ್ಟು ಯಾರು ಕುಡೀತಾರೆ ಅಂತ ಜನ ರಾತ್ರಿಯೇ ಎರಡನ್ನೂ ಮುಗಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ರಾತ್ರಿಯೆಲ್ಲ ಸಣ್ಣ ಕರುಳಿನಿಂದ ಪಿತ್ತದ ನೀರು ಇಳಿದು ಬಲಭಾಗದ ಗೋಡೆಗೆ ಲೇಪ ಆಗಿಬಿಡುತ್ತದೆ. ಚಪ್ಪಟೆ ಪಾಲಿಪ್‌ಗಳು ಜಾಸ್ತಿ ಅಡಗಿರೋದು ಅಲ್ಲೇ. ನಿಮಗೆ 10 ಗಂಟೆಗೆ ಅಂತ ಬರೆದಿದ್ದಾರೆ ಅಲ್ವಾ, ಹಾಗಾದರೆ ನಾಲ್ಕೂವರೆ ಐದಕ್ಕೆ ಎರಡನೇ ಕಂತು ಶುರು ಮಾಡಿ, ಚೀಟಿಯಲ್ಲಿ ಎಷ್ಟು ಗಂಟೆಯಿಂದ ನೀರೂ ಕುಡಿಯಬಾರದು ಅಂತಿದೆಯೋ ಅದರೊಳಗೆ ಮುಗಿಸಿ. ಕೊನೆಗೆ ತಿಳಿ ಹಳದಿ ನೀರು ಮಾತ್ರ ಹೋಗಬೇಕು. ಇನ್ನೂ ಕಂದು ಬಣ್ಣ, ಚೂರು ಚೂರು ಕಾಣುತ್ತಿದ್ದರೆ ಮುಚ್ಚಿಡಬೇಡಿ, ಬಂದ ತಕ್ಷಣ ಸಿಸ್ಟರ್‌ಗೆ ಹೇಳಿ.

ಅದಕ್ಕೇ ಗುರುವಾರ ಬೆಳಿಗ್ಗೆ ಮಂಡ್ಯದಿಂದ ಬಸ್ಸಿನಲ್ಲಿ ಬರುತ್ತೇನೆ ಅನ್ನುವ ಪ್ಲ್ಯಾನ್ ಬಿಡಿ, ಶ್ರೀರಂಗಪಟ್ಟಣ ದಾಟುವುದರೊಳಗೆ ನಿಮ್ಮ ಗತಿ ಏನು! ಬುಧವಾರ ಮಧ್ಯಾಹ್ನವೇ ಮೈಸೂರಿಗೆ ನಮ್ಮ ಮನೆಗೆ ಬನ್ನಿ. ಕೆಳಗಿನ ಬಾತ್‌ರೂಮ್ ಪೂರ್ತಿ ನಿಮಗೇ. ಪುಡಿ ಕುಡಿಯುವ ಮೊದಲೇ ಗುದದ ಸುತ್ತ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಸವರಿಕೊಳ್ಳಿ, ಉರಿ ಶುರುವಾದಮೇಲೆ ಹಚ್ಚಿ ಪ್ರಯೋಜನ ಇಲ್ಲ. ಒರೆಸಬೇಡಿ, ನೀರಲ್ಲಿ ತೊಳೆದು ಮೆತ್ತಗೆ ಬಟ್ಟೆ ಒತ್ತಿ.

ಟೆಸ್ಟ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಎಡಮಗ್ಗುಲಿಗೆ ಮಲಗಿಸಿ ನಿದ್ದೆ ಇಂಜೆಕ್ಷನ್ ಕೊಡುತ್ತಾರೆ, ಹೆಚ್ಚಿನವರಿಗೆ ಏನಾಯಿತು ಅಂತಲೇ ನೆನಪಿರುವುದಿಲ್ಲ. ಅರ್ಧ ಗಂಟೆ ಆಚೀಚೆ. ಮಾನ ಮರ್ಯಾದೆ ಅಂತ ನೀವು ಒಳಗೊಳಗೇ ಅಳುಕುತ್ತಿದ್ದೀರಿ ಅಂತ ಚಿಕ್ಕಮ್ಮ ಹೇಳಿದರು. ಹಿಂದೆ ಸೀಳಿರುವ ಗೌನ್ ಕೊಡುತ್ತಾರೆ, ಮೇಲೆ ಹೊದಿಸಿರುತ್ತೇವೆ, ಎಲ್ಲರ ಕಣ್ಣೂ ಟಿವಿ ಪರದೆ ಮೇಲೆ. ಅವತ್ತು ಆ ರೂಮಿನಲ್ಲಿ ನಾನು ಇರಲ್ಲ, ಬೇರೆಯವರಿಗೆ ಡ್ಯೂಟಿ ಹಾಕಿಸಿದ್ದೇನೆ, ನಿಶ್ಚಿಂತೆಯಾಗಿ ಬನ್ನಿ. ಎದ್ದಮೇಲೆ ಹೊಟ್ಟೆಯಲ್ಲಿ ಗಾಳಿ ಇರುತ್ತದೆ, ಬಿಟ್ಟುಬಿಡಿ, ನಾಚಿಕೆ ಬೇಡ. ಅವತ್ತು ಗಾಡಿ ಓಡಿಸುವುದು, ಕಾಗದಪತ್ರಕ್ಕೆ ಸೈನ್ ಹಾಕುವುದು ಎರಡೂ ಬೇಡ. ಅಪಾಯವೇ ಇಲ್ಲವಾ ಅಂದರೆ ಇದೆ, ಕರುಳು ತೂತಾಗಬಹುದು, ಸಾವಿರ ಜನರಲ್ಲಿ ಒಬ್ಬರಿಗಿಂತಲೂ ಕಡಿಮೆ. ಪಾಲಿಪ್ ತೆಗೆದಿದ್ದರೆ ಎರಡು ವಾರದವರೆಗೂ ರಕ್ತ ಬರುವ ಸಾಧ್ಯತೆ ಇದೆ. ಜೋರು ಹೊಟ್ಟೆನೋವು, ಜ್ವರ, ರಕ್ತ ಕಂಡರೆ ತಕ್ಷಣ ವಾಪಸ್ ಬರಬೇಕು.

ದೊಡ್ಡಪ್ಪನ ಮಕ್ಕಳು ಇಲ್ಲೇ ಓದಿ ಸುಮ್ಮನಿದ್ದೀರಲ್ಲ, ನಿಮಗೂ ಇದೆ. ದೊಡ್ಡಪ್ಪನಿಗೆ ಕರುಳಿನ ಕ್ಯಾನ್ಸರ್ ಗೊತ್ತಾಗಿದ್ದು 47ಕ್ಕೆ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಶುರು ಮಾಡಬೇಕು. ಅಂದರೆ ನಿಮಗೆ 37. ಅಣ್ಣ, ನಿನಗೆ ಆಗಲೇ 38. ಮನೆತನದಲ್ಲಿ ಯಾರಿಗೂ ಇಲ್ಲದವರಿಗೆ ಅಮೆರಿಕದಲ್ಲಿ 2021ರಿಂದ 45ಕ್ಕೇ ಶುರು ಮಾಡಿ ಅನ್ನುತ್ತಿದ್ದಾರೆ, ಮೊದಲು 50 ಇತ್ತು, ಚಿಕ್ಕ ವಯಸ್ಸಿನವರಲ್ಲಿ ಜಾಸ್ತಿಯಾಗುತ್ತಿದೆ ಅಂತ ಇಳಿಸಿದರು. ನಮ್ಮ ಸರ್ಕಾರದ ತಪಾಸಣೆಯಲ್ಲಿ 30 ದಾಟಿದವರಿಗೆ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠ ನೋಡುತ್ತಾರೆ, ಕರುಳು ಆ ಪಟ್ಟಿಯಲ್ಲಿಲ್ಲ. ಯಾರೂ ಮನೆಗೆ ಬಂದು ಕರೆಯುವುದಿಲ್ಲ, ನಾವೇ ಹೋಗಿ ಕೇಳಬೇಕು.

ಕೊನೆಗೆ ಮಾತ್ರೆಗಳು, ಇದು ಇವತ್ತೇ ಆಗಬೇಕು ಚಿಕ್ಕಪ್ಪ. ಕಬ್ಬಿಣದ ಮಾತ್ರೆ ಈಗಲೇ ನಿಲ್ಲಿಸಲು ಹೇಳಿರುತ್ತಾರೆ, ಅದು ಮಲವನ್ನು ಕಪ್ಪಗೆ ಅಂಟಂಟು ಮಾಡುತ್ತದೆ. ನಿಮಗೆ ಸ್ಟೆಂಟ್ ಇದೆ, ರಕ್ತ ತೆಳು ಮಾಡುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ನಿಲ್ಲಿಸಬೇಕೋ ಮುಂದುವರಿಸಬೇಕೋ ಅಂತ ಹಾರ್ಟ್ ಡಾಕ್ಟರನ್ನು ಕೇಳಬೇಕು. ಕೆಲವನ್ನು ಐದಾರು ದಿನ ಮೊದಲೇ ನಿಲ್ಲಿಸುತ್ತಾರೆ, ಕೆಲವನ್ನು ಬಿಡುವ ಹಾಗೇ ಇಲ್ಲ. ಶುಗರ್ ಮಾತ್ರೆಯಲ್ಲೂ ಡಪಾಗ್ಲಿಫ್ಲೋಜಿನ್ ತರಹದ್ದು ಮೂರ್ನಾಲ್ಕು ದಿನ ಮೊದಲೇ ಬಿಡಿಸುತ್ತಾರೆ, ಊಟ ಇಲ್ಲದ ದಿನ ಉಳಿದವೂ ಕಡಿಮೆಯಾಗುತ್ತವೆ. ಶುಗರ್ ಇಳಿದು ಬೆವರು, ನಡುಕ ಬಂದರೆ ಗ್ಲೂಕೋಸ್ ನೀರು ಕುಡಿಯಿರಿ, ಅದು ತಿಳಿಯಾದದ್ದೇ. ಮಾತ್ರೆ ಡಬ್ಬಿ ಮಂಚದ ಮೇಲೆ ಸುರಿದು ಎಲ್ಲ ಸ್ಟ್ರಿಪ್‌ಗಳ ಹೆಸರು ಕಾಣುವ ಹಾಗೆ ಫೋಟೋ ತೆಗೆದು, ಆಸ್ಪತ್ರೆ ಚೀಟಿಯ ಎರಡೂ ಕಡೆಯದ್ದೂ ಸೇರಿಸಿ, ಗ್ರೂಪಿಗಲ್ಲ, ನನ್ನ ನಂಬರಿಗೆ ಕಳಿಸಿ. ನಾಳೆ ಬೆಳಿಗ್ಗೆ ನಿಮ್ಮ ಹಾರ್ಟ್ ಡಾಕ್ಟರ ಓಪಿಡಿಗೆ ಫೋನ್ ಮಾಡುವಾಗ ನಾನೂ ಲೈನಿನಲ್ಲಿರುತ್ತೇನೆ.