ಎಕ್ಸ್‌ಪಲ್ಸ್ 200: ಕ್ಲಚ್ ಬಿಟ್ಟರೂ ಮುಂದಿನ ಚಕ್ರ ಏಳುತ್ತಿಲ್ಲ, ಎದ್ದರೆ ಎಡಕ್ಕೆ ಎಳೆಯುತ್ತದೆ

ಶೇಂಗಾಹೊಲ:

ಎಲ್ಲರಿಗೂ ನಮಸ್ಕಾರ. ನಾನು ಹಿರಿಯೂರು ಕಡೆಯವನು, ವಯಸ್ಸು 23. ಬೈಕು ಎಕ್ಸ್‌ಪಲ್ಸ್ 200, ನಾಲ್ಕು ವಾಲ್ವಿನದು, 19 ಸಾವಿರ ಕಿಮೀ ಓಡಿದೆ. ಐದು ಭಾನುವಾರದಿಂದ ವೀಲಿ, ಅಂದರೆ ಮುಂದಿನ ಚಕ್ರ ಎತ್ತಿ ಓಡಿಸೋದು, ಕಲಿಯೋಕೆ ನೋಡುತ್ತಿದ್ದೇನೆ. ಜಾಗ ನಮ್ಮ ಮಾವನ ಹೊಲ. ಶೇಂಗಾ ಕಿತ್ತ ಮೇಲೆ ಖಾಲಿ ಬಿದ್ದಿದೆ, ಸುತ್ತ ಯಾರೂ ಇರಲ್ಲ.

ಮಾಡೋದು ಇಷ್ಟು. ಫಸ್ಟ್ ಗೇರು, ನಡೆಯುವಷ್ಟು ವೇಗ. ಕ್ಲಚ್ ಹಿಡಿದು ರೇಸ್ ಕೊಟ್ಟು ತಟ್ಟನೆ ಬಿಡುತ್ತೇನೆ. ಎಂಜಿನ್ ಕಿರುಚುತ್ತದೆ, ಮುಂದಿನ ಚಕ್ರ ಒಂದು ಗೇಣು ಎದ್ದು ಬಿದ್ದು ಹೋಗುತ್ತದೆ. ಮೊದಲೆರಡು ವಾರ ಇದಕ್ಕಿಂತ ಜಾಸ್ತಿ ಏಳುತ್ತಿತ್ತು, ಈಗೀಗ ಕಡಿಮೆ ಆಗಿದೆ. ಹತ್ತು ಸಲ ಮಾಡಿದರೆ ಸುಟ್ಟ ವಾಸನೆ. ಎದ್ದಾಗಲೆಲ್ಲ ಬೈಕು ಎಡಕ್ಕೆ ಹೋಗುತ್ತದೆ. ನನ್ನ ಗೆಳೆಯನಿಗೆ ವೀಲಿ ಚೆನ್ನಾಗಿ ಬರುತ್ತದೆ. ಅವನು ನನ್ನ ಬೈಕಿನಲ್ಲಿ ಮಾಡಿದರೂ ಏಳಲಿಲ್ಲ.

ಮಣ್ಣಿನಲ್ಲಿ ಹಿಡಿತ ಸಿಗದೆ ಹೀಗಾಗುತ್ತಿದೆ ಅಂತ ಅನಿಸುತ್ತಿದೆ. ಬೆಳಗಿನ ಜಾವ ಬೈಪಾಸಿನಲ್ಲಿ ಒಂದೆರಡು ಸಲ ನೋಡಲಾ?

ಹಳೇ ಸ್ಪ್ಯಾನರ್:

ತಮ್ಮಾ, ಬೈಪಾಸ್ ವಿಚಾರ ಮೊದಲು ಬಿಟ್ಟುಬಿಡು. ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಅದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿಗೆ ಬರುತ್ತದೆ, ಅಪಾಯಕಾರಿ ಚಾಲನೆ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು. ಕಾನೂನು ಪಕ್ಕಕ್ಕಿಡು. ಬೆಳಗಿನ ಜಾವ ಬೈಪಾಸಿನಲ್ಲಿ ಟೊಮೆಟೊ ಹೇರಿಕೊಂಡು ಮಂಡಿಗೆ ಹೊರಟ ಲಾರಿಯವನಿಗೆ ನಿನ್ನ ಮುಂದಿನ ಚಕ್ರ ಗಾಳಿಯಲ್ಲಿದೆ ಅಂತ ಗೊತ್ತಿರುತ್ತದಾ? ಚಕ್ರ ನೆಲದ ಮೇಲಿಲ್ಲದಾಗ ಹ್ಯಾಂಡಲ್ ತಿರುಗಿಸಿ ತಪ್ಪಿಸಿಕೊಳ್ಳೋಕೂ ಆಗಲ್ಲ. ಹೊಲವೇ ಸರಿಯಾದ ಜಾಗ.

ಈಗ ಬೈಕಿಗೆ ಬರೋಣ. ಗೆಳೆಯನಿಗೂ ಏಳಲಿಲ್ಲ ಅಂದೆಯಲ್ಲ, ಅದೇ ದೊಡ್ಡ ಸುಳಿವು. ತಪ್ಪು ನಿನ್ನ ಕೈಯಲ್ಲಿ ಮಾತ್ರ ಇಲ್ಲ. ಮೂರು ವಿಷಯ ನೋಡಿ ಹೇಳು. ಕ್ಲಚ್ ಲಿವರ್ ತುದಿಯಲ್ಲಿ ಸಡಿಲ ಎಷ್ಟಿದೆ? ಟಾಪ್ ಗೇರಿನಲ್ಲಿ 50ರಲ್ಲಿ ಹೋಗುತ್ತಾ ಒಮ್ಮೆಲೇ ಪೂರ್ತಿ ರೇಸ್ ಕೊಟ್ಟರೆ ಆರ್‌ಪಿಎಂ ಮತ್ತು ವೇಗ ಒಟ್ಟಿಗೆ ಏರುತ್ತವಾ? ಕೊನೆಗೆ, ಎಂಜಿನ್ ಆಯಿಲ್ ಯಾವಾಗ ಬದಲಿಸಿದ್ದು, ಯಾವುದು ಹಾಕಿದ್ದು?

ಶೇಂಗಾಹೊಲ:

ಸರಿ ಅಣ್ಣ, ಬೈಪಾಸಿಗೆ ಹೋಗಲ್ಲ.

ಲಿವರ್ ತುದಿಯಲ್ಲಿ 12 ಮಿಮೀ ಸಡಿಲ ಇದೆ, ಸ್ಕೇಲ್ ಇಟ್ಟು ನೋಡಿದೆ. ಟಾಪ್ ಗೇರ್ ಪರೀಕ್ಷೆ ಮಾಡಿದೆ. ಆರ್‌ಪಿಎಂ ಗೆರೆ ಸರ್ರನೆ ಮೇಲೆ ಹೋಯ್ತು, ವೇಗ 50ರಲ್ಲೇ ನಿಂತು ಆಮೇಲೆ ನಿಧಾನಕ್ಕೆ ಏರಿತು. ಆಯಿಲ್ ಒಂದೂವರೆ ತಿಂಗಳ ಹಿಂದೆ ನಾನೇ ಬದಲಿಸಿದ್ದು. ಮಾವನ ಕಾರಿಗೆ ತಂದು ಉಳಿದಿದ್ದ ಆಯಿಲ್ ಹಾಕಿದೆ. ಹೊಸದು, ಒಳ್ಳೆಯ ಕಂಪನಿಯದು, ಡಬ್ಬಿ ಸೀಲ್ ಕೂಡ ಒಡೆದಿರಲಿಲ್ಲ.

ಹಳೇ ಸ್ಪ್ಯಾನರ್:

ಸಿಕ್ಕಿತು ನೋಡು. ಎಂಜಿನ್ ಜೋರಾಗಿ ತಿರುಗಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ.

ಕಾರಿನಲ್ಲಿ ಎಂಜಿನ್ ಆಯಿಲ್ ಬೇರೆ, ಕ್ಲಚ್ ಬೇರೆ. ಕಾರಿನ ಕ್ಲಚ್ ಒಣಗಿರುತ್ತದೆ. ನಿನ್ನ ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿ ಕೆಲಸ ಮಾಡುತ್ತವೆ. ಕಾರಿನ ಆಯಿಲ್ ಎಷ್ಟೋ ಬಗೆಯಲ್ಲಿ ಮೈಲೇಜ್ ಹೆಚ್ಚಲಿ ಅಂತ ತಿಕ್ಕಾಟ ಕಡಿಮೆ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ. ಕಾರಿಗೆ ಅದು ಒಳ್ಳೆಯದು. ಬೈಕಿನ ಕ್ಲಚ್ ಹಿಡಿಯೋದೇ ತಿಕ್ಕಾಟದಿಂದ, ಅದಕ್ಕೇ ಅಲ್ಲಿ ಜಾರುತ್ತದೆ. ಆಯಿಲ್ ಒಳ್ಳೆಯದೇ, ಬೈಕಿಗೆ ಆಗಿಬರುವುದಲ್ಲ ಅಷ್ಟೇ. ಬೈಕಿಗೆ ತರುವಾಗ ಡಬ್ಬಿಯ ಹಿಂದೆ ಜಾಸೊ ಎಂಎ ಅಥವಾ ಎಂಎ2 ಅಂತ ಇದೆಯಾ ನೋಡು. ಎಂಬಿ ಅಂತಿದ್ದರೆ ಅದು ಸ್ಕೂಟರಿಗೆ, ಬೇಡ. ಗ್ರೇಡ್ ಯಾವುದು ಅಂತ ಬೈಕಿನ ಪುಸ್ತಕದಲ್ಲಿದೆ.

ವೀಲಿಯಲ್ಲಿ ಇದು ಯಾಕೆ ಇಷ್ಟು ಎದ್ದು ಕಾಣುತ್ತದೆ ಅಂದರೆ, ಬೈಕು ಸುಮಾರು 158 ಕೆಜಿ, ಮೇಲೆ ನೀನು. ಮುಂದಿನ ಚಕ್ರ ಏಳಬೇಕಾದರೆ ಹಿಂದಿನ ಚಕ್ರ ಹೆಚ್ಚುಕಡಿಮೆ ಆ ಒಟ್ಟು ತೂಕದಷ್ಟೇ ಬಲದಲ್ಲಿ ಬೈಕನ್ನು ಮುಂದಕ್ಕೆ ದೂಡಬೇಕು. ನಿನ್ನ ಎಂಜಿನ್ನಿನ ಟಾರ್ಕ್ 17 ನ್ಯೂಟನ್ ಮೀಟರ್ ಆಸುಪಾಸು. ಬರೀ ರೇಸ್ ಕೊಟ್ಟು ಎಬ್ಬಿಸಲು ಅದು ಸಾಲದು. ಅದಕ್ಕೇ ಕ್ಲಚ್ ಹಿಡಿದು ರೇಸ್ ಕೊಡೋದು. ಆಗ ಎಂಜಿನ್ ಒಳಗೆ ತಿರುಗುವ ಭಾಗಗಳಲ್ಲಿ ಶಕ್ತಿ ತುಂಬಿಕೊಳ್ಳುತ್ತದೆ, ಬಿಟ್ಟ ಕ್ಷಣದಲ್ಲಿ ಅಷ್ಟೂ ಒಟ್ಟಿಗೆ ಹಿಂದಿನ ಚಕ್ರಕ್ಕೆ ಸಿಗುತ್ತದೆ. ಕ್ಲಚ್ ಜಾರಿದರೆ ಆ ಶಕ್ತಿಯೆಲ್ಲ ಪ್ಲೇಟಿನಲ್ಲೇ ಬಿಸಿಯಾಗಿ ಹೋಗುತ್ತದೆ. ನಿನಗೆ ಬಂದ ಸುಟ್ಟ ವಾಸನೆ ಅದೇ.

ಆಯಿಲ್ ಬದಲಿಸು. ನೂರು ಕಿಮೀ ಸಮಾಧಾನವಾಗಿ ಓಡಿಸಿ ಮತ್ತೊಮ್ಮೆ ಬದಲಿಸು, ಹಳೆಯದು ಒಂದಷ್ಟು ಒಳಗೇ ಉಳಿದಿರುತ್ತದೆ. ಜಾರೋದು ನಿಲ್ಲದಿದ್ದರೆ ಕ್ಲಚ್ ಬಿಚ್ಚಿಸಿ ನೋಡಬೇಕು. ಸ್ಟೀಲ್ ಪ್ಲೇಟುಗಳ ಮೇಲೆ ನೀಲಿ ಬಣ್ಣ ಕಂಡರೆ ಕಾದು ಹೋಗಿವೆ ಅಂತ ಅರ್ಥ. ಆಗ ಸೆಟ್ ಬದಲಿಸದೆ ದಾರಿ ಇಲ್ಲ. ಆಯಿಲ್ ಮಟ್ಟ ಮೇಲಿನ ಗುರುತಿನ ಹತ್ತಿರವೇ ಇರಲಿ. ಮುಂಭಾಗ ಎದ್ದಾಗ ಆಯಿಲ್ ಹಿಂದಕ್ಕೆ ಸರಿಯುತ್ತದೆ. ಮಟ್ಟ ಕಡಿಮೆ ಇದ್ದರೆ ಪಂಪ್ ಗಾಳಿ ಎಳೆಯುತ್ತದೆ.

ಎಡಕ್ಕೆ ಎಳೆಯೋದಕ್ಕೆ ಚೈನ್ ಅಡ್ಜಸ್ಟರ್ ಕಾರಣ ಇರಬಹುದು. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿನ ಎರಡೂ ಕಡೆ ಗುರುತು ಒಂದೇ ಇದೆಯಾ ನೋಡು.

ಘಾಟಿಗೇರ್:

ಅಣ್ಣ ಆಯಿಲ್ ವಿಚಾರ ಸರಿಯಾಗಿ ಹೇಳಿದ್ದಾರೆ. ಎಡಕ್ಕೆ ಹೋಗೋದರ ಬಗ್ಗೆ ನನಗೆ ಬೇರೆ ಅನುಮಾನ. ತಮ್ಮಾ, ಚಕ್ರ ಏಳುವಾಗ ನಿನ್ನ ಬಲಗಾಲು ಎಲ್ಲಿರುತ್ತದೆ? ಗೆಳೆಯನಿಗೆ ಹೇಳಿ ಹಿಂದಿನಿಂದ ಒಂದು ವಿಡಿಯೊ ತೆಗೆಸು.

ಶೇಂಗಾಹೊಲ:

ಅಕ್ಕಾ, ಅಡ್ಜಸ್ಟರ್ ಗುರುತು ಎರಡೂ ಕಡೆ ಒಂದೇ ಇದೆ. ವಿಡಿಯೊ ನೋಡಿದೆ. ಏಳುವಾಗ ಬಲಗಾಲನ್ನು ಫುಟ್‌ರೆಸ್ಟಿನಿಂದ ಎತ್ತಿ ಬ್ರೇಕ್ ಪೆಡಲಿನ ಮೇಲೆ ಗಾಳಿಯಲ್ಲಿ ಹಿಡಿದಿದ್ದೇನೆ. ಬೇಕಾದಾಗ ತುಳಿಯಬಹುದು ಅಂತ. ತುಳಿದಿಲ್ಲ ಮಾತ್ರ, ಅಷ್ಟು ಎತ್ತರ ಎದ್ದೇ ಇಲ್ಲವಲ್ಲ.

ಘಾಟಿಗೇರ್:

ಎಡಕ್ಕೆ ಹೋಗೋದು ಅದರಿಂದಲೇ. ಬಲಗಾಲು ಗಾಳಿಯಲ್ಲಿದ್ದರೆ ಮೈಭಾರ ಪೂರ್ತಿ ಎಡ ಫುಟ್‌ರೆಸ್ಟಿನ ಮೇಲೆ ಬೀಳುತ್ತದೆ. ನೆಲದ ಮೇಲೆ ಎರಡೂ ಚಕ್ರ ಇದ್ದಾಗ ಇದು ಗೊತ್ತಾಗಲ್ಲ. ಒಂದೇ ಚಕ್ರದ ಮೇಲೆ ನಿಂತಾಗ ಬೈಕು ಭಾರ ಇದ್ದ ಕಡೆ ವಾಲುತ್ತದೆ. ಪಾದದ ಮಧ್ಯಭಾಗ ಫುಟ್‌ರೆಸ್ಟಿನ ಮೇಲೆ ಗಟ್ಟಿಯಾಗಿ ಊರಿರಲಿ, ಹೆಬ್ಬೆರಳ ಕಡೆಯ ತುದಿ ಮಾತ್ರ ಪೆಡಲಿಗೆ ತಾಗುತ್ತಿರಲಿ. ಕಾಲು ಎತ್ತದೆ ಪಾದ ಬಾಗಿಸಿದರೆ ಬ್ರೇಕ್ ಹಿಡಿಯಬೇಕು. ಹಾಗೆ ಆಗುತ್ತಿಲ್ಲ ಅಂದರೆ ಪೆಡಲಿನ ಎತ್ತರವನ್ನೇ ನಿನ್ನ ಬೂಟಿಗೆ ತಕ್ಕ ಹಾಗೆ ಹೊಂದಿಸು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಐದು ವಾರದಿಂದ ನೀನು ಏಳಿಸೋದನ್ನೇ ಕಲಿಯುತ್ತಿದ್ದೀಯ. ಇಳಿಸೋದನ್ನು ಒಂದು ಸಲವೂ ಮಾಡಿಲ್ಲ. ಜಾರುವ ಕ್ಲಚ್ ಇಷ್ಟು ದಿನ ನಿನ್ನನ್ನು ಕಾಪಾಡಿದೆ. ಕ್ಲಚ್ ಸರಿಯಾದ ದಿನ, ಅದೇ ಕೈ, ಅದೇ ರೇಸ್ ಕೊಟ್ಟರೆ ಬೈಕು ನೆಟ್ಟಗೆ ನಿಂತುಬಿಡುತ್ತದೆ.

ಸಮತೋಲದ ಬಿಂದು ದಾಟುವವರೆಗೆ ರೇಸ್ ಬಿಟ್ಟರೆ ಮುಂಭಾಗ ತಾನೇ ಇಳಿಯುತ್ತದೆ. ದಾಟಿದ ಮೇಲೆ ಬೈಕಿನ ತೂಕವೇ ನಿನ್ನನ್ನು ಹಿಂದಕ್ಕೆ ಎಳೆಯುತ್ತದೆ. ಆಗ ರೇಸ್ ಬಿಡೋದನ್ನು ನಂಬಿ ಕೂರುವ ಹಾಗಿಲ್ಲ, ಕ್ಲಚ್ ಹಿಡಿದರೂ ಉಪಯೋಗ ಇಲ್ಲ. ಹಿಂದಿನ ಬ್ರೇಕ್ ಮುಟ್ಟಿದರೆ ಹಿಂದಿನ ಚಕ್ರ ನಿಧಾನ ಆಗುತ್ತದೆ, ನೀನೂ ಬೈಕೂ ಮುಂದಕ್ಕೆ ಹೋಗುವ ರಭಸಕ್ಕೆ ಮುಂಭಾಗ ಕೆಳಗೆ ಬರುತ್ತದೆ. ಹಿಂದಕ್ಕೆ ಮಗುಚದಂತೆ ಕಾಯೋದು ಆ ಪೆಡಲ್ ಒಂದೇ.

ಅದಕ್ಕೇ ಕ್ಲಚ್ ರಿಪೇರಿ ಆದ ಮೇಲೆ ಮೊದಲ ದಿನ ಪೂರ್ತಿ ಒಂದೇ ಕೆಲಸ ಮಾಡು. ಒಂದು ಗೇಣು ಎಬ್ಬಿಸು, ರೇಸ್ ಬಿಡುವ ಮೊದಲೇ ಬ್ರೇಕ್ ಮುಟ್ಟಿ ಇಳಿಸು. ಮತ್ತೆ ಒಂದು ಗೇಣು, ಮತ್ತೆ ಬ್ರೇಕ್. ಐವತ್ತು ಸಲ ಮಾಡು. ಬೇಜಾರಾದರೂ ಬಿಡಬೇಡ. ಹೆದರಿದಾಗ ಯೋಚನೆ ಮಾಡೋಕೆ ಸಮಯ ಇರಲ್ಲ, ಕಾಲು ತಾನಾಗೇ ಒತ್ತಬೇಕು. ಮುಟ್ಟಬೇಕು ಅಷ್ಟೇ, ಕಚಕ್ಕನೆ ತುಳಿಯಬಾರದು. ನಿನ್ನ ಬೈಕಿನ ಹಿಂದಿನ ಬ್ರೇಕಿಗೆ ಎಬಿಎಸ್ ಇಲ್ಲ, ತುಳಿದರೆ ಚಕ್ರ ಲಾಕ್ ಆಗಿ ಮುಂಭಾಗ ದಬ್ ಅಂತ ಬೀಳುತ್ತದೆ.

ಎಬ್ಬಿಸುವಾಗ ಕೈಯಿಂದ ಹ್ಯಾಂಡಲ್ ಎಳೆಯಬೇಡ. ನಡೆಯುವ ವೇಗದಲ್ಲಿ ಒಂದು ಕ್ಷಣ ರೇಸ್ ಬಿಡು, ಮುಂದಿನ ಫೋರ್ಕ್ (ಚಕ್ರ ಹಿಡಿದಿರುವ ಎರಡು ಸ್ಪ್ರಿಂಗ್ ಕಾಲುಗಳು) ಸ್ವಲ್ಪ ಕುಗ್ಗುತ್ತದೆ. ಅದು ಮೇಲಕ್ಕೆ ಚಿಮ್ಮುವ ಹೊತ್ತಿಗೆ ಸರಿಯಾಗಿ ಕ್ಲಚ್ ಬಿಡು. ಎರಡೇ ಬೆರಳಲ್ಲಿ ಹಿಡಿ. ಕಣ್ಣು ಹೊಲದ ಆಚೆ ಬದುವಿನ ಮೇಲಿರಲಿ, ಚಕ್ರದ ಮೇಲೆ ಬೇಡ. ಹೊಲದಲ್ಲಿ ಸ್ವಲ್ಪ ಏರು ಇದ್ದರೆ ಏರಿನ ಕಡೆಗೇ ಮಾಡು. ಬೇಗ ಏಳುತ್ತದೆ, ವೇಗವೂ ಜಾಸ್ತಿ ಆಗಲ್ಲ.

ಹೆಲ್ಮೆಟ್, ಬೂಟು, ಗ್ಲೌಸ್ ಜೊತೆ ಬೆನ್ನಿಗೂ ರಕ್ಷಣೆ ಬೇಕು, ಮಗುಚಿದಾಗ ಬೀಳೋದು ಬೆನ್ನ ಮೇಲೆ. ಒಬ್ಬನೇ ಹೋಗಬೇಡ. ಸಾಧ್ಯವಾದರೆ ಒಂದು ಸಲ ಯಾರಿಂದಾದರೂ ನೇರವಾಗಿ ಹೇಳಿಸಿಕೊ. 2015ರಲ್ಲಿ ಮರುಭೂಮಿಯ ಡಾಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. ಅವರು ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕ್ ಕೋಲಾರದ ಕಡೆ ಇದೆ. ಮಣ್ಣಿನಲ್ಲಿ ಬೈಕು ಓಡಿಸೋದನ್ನು ಬುಡದಿಂದ ಕಲಿಯೋಕೆ ಅಂಥ ಜಾಗ ಒಳ್ಳೆಯದು.

ಶೇಂಗಾಹೊಲ:

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳಲೇಬೇಕು.

ಆಯಿಲ್ ಎರಡು ಸಲ ಬದಲಿಸಿದೆ. ಜಾರೋದು ಕಡಿಮೆ ಆಯ್ತು, ಪೂರ್ತಿ ನಿಲ್ಲಲಿಲ್ಲ. ಬಿಚ್ಚಿಸಿದೆ. ಎರಡು ಸ್ಟೀಲ್ ಪ್ಲೇಟುಗಳ ಅಂಚಿನಲ್ಲಿ ನವಿಲುಗರಿಯ ಹಾಗೆ ನೀಲಿ. ಅಣ್ಣ ಹೇಳಿದ ಹಾಗೇ ಇತ್ತು. ಪೂರ್ತಿ ಸೆಟ್ ಹಾಕಿಸಿದೆ.

ಅಕ್ಕಾ, ನೀವು ಹೇಳಿದ ಐವತ್ತು ಸಲ ಮಾಡಿದೆ. ಲೆಕ್ಕ ತಪ್ಪದಿರಲಿ ಅಂತ ಗೆಳೆಯ ಬದುವಿನ ಮೇಲೆ ಕೂತು ಶೇಂಗಾ ಸಿಪ್ಪೆ ಒಂದೊಂದೇ ಸಾಲಾಗಿ ಇಡುತ್ತಿದ್ದ. ಬಲಗಾಲು ಊರಿದ ದಿನದಿಂದ ಬೈಕು ಎಡಕ್ಕೆ ಹೋಗೋದು ನಿಂತಿದೆ. ಮುಂದಿನ ಭಾನುವಾರ ಸ್ವಲ್ಪ ಜಾಸ್ತಿ ಎಬ್ಬಿಸೋಣ ಅಂತ ಕ್ಲಚ್ ಬಿಟ್ಟೆ. ಹೊಲ ಕಾಣೋದು ನಿಂತು ಬರೀ ಆಕಾಶ ಕಂಡಿತು. ನಾನು ಏನೂ ಯೋಚಿಸಲಿಲ್ಲ, ಕಾಲೇ ಪೆಡಲ್ ಒತ್ತಿತ್ತು. ಮುಂಭಾಗ ಕೆಳಗೆ ಬಂತು. ಬೈಕು ನಿಲ್ಲಿಸಿ ಹತ್ತು ನಿಮಿಷ ನೆಲದ ಮೇಲೆ ಕೂತಿದ್ದೆ. ಆ ಐವತ್ತು ಸಲ ಮಾಡದೇ ಇದ್ದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ ಅನಿಸುತ್ತದೆ.

ಆದರೆ ಹೊಸದೊಂದು ತೊಂದರೆ. ಆವತ್ತು ಮುಂಭಾಗ ಜೋರಾಗಿ ಬಿತ್ತು. ಈಗ ಬಲಗಡೆ ಫೋರ್ಕಿನ ರಬ್ಬರ್ ಕವಚದ ಕೆಳಗೆ ಎಣ್ಣೆ ಜಿನುಗಿದೆ. ಇದಕ್ಕೇನು ಮಾಡಲಿ?

ಹಳೇ ಸ್ಪ್ಯಾನರ್:

ಏನೂ ಆಗದೆ ಬಂದೆಯಲ್ಲ, ಅದು ಮುಖ್ಯ.

ಮೊದಲು ಮುಂದಿನ ಡಿಸ್ಕ್ ನೋಡು. ಎಣ್ಣೆ ಡಿಸ್ಕಿಗೋ ಪ್ಯಾಡಿಗೋ ತಾಗಿದ್ದರೆ ಬ್ರೇಕ್ ಹಿಡಿಯಲ್ಲ, ಸರಿಯಾಗುವವರೆಗೆ ರಸ್ತೆಗೆ ಇಳಿಸಬೇಡ. ತಾಗಿಲ್ಲ ಅಂದರೆ ಸೀಲ್ ಹೋಗಿದೆ ಅಂತ ತಕ್ಷಣ ತೀರ್ಮಾನಿಸಬೇಡ. ಹೊಲದ ಮಣ್ಣಿನ ಒಂದು ಕಣ ಸೀಲಿನ ತುಟಿಗೆ ಸಿಕ್ಕಿಕೊಂಡರೂ ಹೀಗೇ ಜಿನುಗುತ್ತದೆ. ಕವಚ ಮೇಲೆ ಸರಿಸಿ ಚೆನ್ನಾಗಿ ಒರೆಸು. ಧೂಳು ತಡೆಯುವ ರಬ್ಬರನ್ನು ಮೆಲ್ಲಗೆ ಮೇಲಕ್ಕೆ ಎತ್ತು. ಹಳೆಯ ಎಕ್ಸ್‌ರೇ ಫಿಲ್ಮ್ ಇದ್ದರೆ ಎರಡು ಬೆರಳಗಲ ಕತ್ತರಿಸು, ತುದಿಯಲ್ಲಿ ಸಣ್ಣ ಕೊಕ್ಕೆ ಹಾಗೆ ಮಾಡು. ಅದನ್ನು ಸೀಲ್ ಮತ್ತು ಪೈಪಿನ ನಡುವೆ ತೂರಿಸಿ ಪೂರ್ತಿ ಒಂದು ಸುತ್ತು ಆಡಿಸಿ ಹೊರಗೆ ಎಳಿ. ಸ್ಕ್ರೂಡ್ರೈವರ್ ಹಾಕಲೇಬೇಡ, ಪೈಪಿಗೆ ಗೀರು ಬಿದ್ದರೆ ಹೊಸ ಸೀಲೂ ನಿಲ್ಲಲ್ಲ. ಆಮೇಲೆ ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಇಪ್ಪತ್ತು ಸಲ ಕುಗ್ಗಿಸಿ ಒರೆಸಿ ನೋಡು. ಮತ್ತೆ ಜಿನುಗಿದರೆ ಎರಡೂ ಕಡೆ ಸೀಲ್ ಬದಲಿಸು. ಎರಡು ಕಾಲಿಗೂ ಫೋರ್ಕ್ ಆಯಿಲ್ ಅಳತೆ ಮಾಡಿ ಒಂದೇ ಸಮ ಹಾಕಿಸು.

ಹಾಗೇ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್ ಕೂಡ ನೋಡು. ಮುಂದಿನ ಚಕ್ರ ನೆಲ ಬಿಡುವ ಹಾಗೆ ಎಂಜಿನ್ ಕೆಳಗೆ ಮರದ ದಿಮ್ಮಿ ಕೊಡು. ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಅಲ್ಲಾಡಿಸು. ಟಕ್ ಟಕ್ ಅಂದರೆ ಸಡಿಲ ಆಗಿದೆ. ಹ್ಯಾಂಡಲ್ ಮೆಲ್ಲಗೆ ತಿರುಗಿಸುವಾಗ ನಡುವೆ ಒಂದು ಕಡೆ ಗಕ್ಕನೆ ಕೂತರೆ ಬೇರಿಂಗ್ ತಿಂದಿದೆ.

ಮುಂದೆ ಇಳಿಸುವಾಗ ಬ್ರೇಕ್ ಮುಟ್ಟಿ ಮುಂಭಾಗ ಇಳಿಯಲು ಶುರುವಾದ ಕೂಡಲೇ ಕಾಲು ಸಡಿಲ ಮಾಡು, ಎಳ್ಳಷ್ಟು ರೇಸ್ ಕೊಡು. ಮೆತ್ತಗೆ ಕೂರುತ್ತದೆ.

ಶೇಂಗಾಹೊಲ:

ಅಜ್ಜಿಯ ಮಂಡಿ ಎಕ್ಸ್‌ರೇ ಇತ್ತು, ಕೇಳಿ ಒಂದು ಮೂಲೆ ಕತ್ತರಿಸಿಕೊಂಡೆ. ಸುತ್ತು ಹಾಕಿ ಎಳೆದಾಗ ಕೊಕ್ಕೆಯಲ್ಲಿ ಕೆಂಪು ಮಣ್ಣು, ಜೊತೆಗೆ ಒಂದು ಚೂರು ಶೇಂಗಾ ಬೇರಿನ ನಾರು ಬಂತು. ಡಿಸ್ಕಿಗೆ ಎಣ್ಣೆ ತಾಗಿರಲಿಲ್ಲ. ಕೋನ್ ಸೆಟ್ ಸದ್ದು ಮಾಡಲಿಲ್ಲ, ಹ್ಯಾಂಡಲ್ ಎಲ್ಲೂ ಹಿಡಿಯಲಿಲ್ಲ. ನಾಲ್ಕು ದಿನದಿಂದ ಫೋರ್ಕ್ ಒಣಗಿದೆ, ದಿನಾ ಬೆಳಗ್ಗೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡುತ್ತಿದ್ದೇನೆ.